ಅಮೃತಬಳ್ಳಿ ಸಾರದ ಡಿಪಿಪಿಎಚ್ ರೀಡಿಂಗ್ ಉಲ್ಟಾ ಬರಾಕತ್ತೈತಿ, ಯಾಕ?

ಎಂಎಸ್ಸಿ_ಧಾರವಾಡ:
ಪ್ರಾಜೆಕ್ಟಿಗೆ ಅಮೃತಬಳ್ಳಿ ಕಾಂಡದ ಆಂಟಿಆಕ್ಸಿಡೆಂಟ್ ಗುಣ ನೋಡಾಕತ್ತೇನ್ರಿ. ಪುಡಿ ನೀರಾಗ ಕುದಿಸಿ ಸೋಸೀನಿ. ಮಿಥನಾಲ್‌ನಾಗ 0.1 ಮಿಲಿಮೋಲಾರ್ ಡಿಪಿಪಿಎಚ್ (ಆಂಟಿಆಕ್ಸಿಡೆಂಟ್ ಸೇರಿದ್ರ ಬಣ್ಣ ಕಳಕೊಳ್ಳೂ ನೇರಳೆ ರಾಸಾಯನಿಕ) ಮಾಡಿ, ಸಮಪಾಲು ಬೆರಸಿ, 517 ನ್ಯಾನೊಮೀಟರಿಗೆ ಓದತೀನಿ. ಸಾರ ಜಾಸ್ತಿ ಹಾಕಿದಂಗ ಅಬ್ಸಾರ್ಬೆನ್ಸ್ (ಬೆಳಕು ಎಷ್ಟು ಹೀರತು ಅಂತ ಮಷೀನು ತೋರಸೂ ಅಳತಿ) ಇಳಿಯೂದು ಬಿಟ್ಟು ಏರತೈತಿ. ಆಸ್ಕಾರ್ಬಿಕ್ ಆಸಿಡ್ ಮಾತ್ರ ಬರೋಬ್ಬರಿ ಬರತೈತಿ.

ಕಷಾಯದ_ಕೆಮಿಸ್ಟ್ರಿ:
ಟ್ಯೂಬ್ ಬೆಳಕಿಗೆ ಹಿಡದು ನೋಡ್ರಿ, ಮಬ್ಬ ಆಗಿರತೈತಿ. ಈ ಕಾಂಡದಾಗ ಪಿಷ್ಟ ಭಾಳ. ಅಂಗಡ್ಯಾಗ ಗುಡೂಚಿ ಸತ್ವ ಅಂತ ಮಾರೂದು ಬಹುಪಾಲು ಅದ. ಕುದಿಸಿದಾಗ ನೀರಿಗೆ ಇಳದ ಪಿಷ್ಟ ಮಿಥನಾಲ್ ಸೇರಿದ ಕೂಡ್ಲೆ ಹೊರಗ ಬೀಳತೈತಿ. ಆ ಕಣ ಬೆಳಕು ಚದರಸತಾವ, ಮಷೀನು ಅದನ್ನೂ ಅಬ್ಸಾರ್ಬೆನ್ಸ್ ಅಂತ ಲೆಕ್ಕಕ್ಕ ಹಿಡೀತೈತಿ. ಆಸ್ಕಾರ್ಬಿಕ್ ಆಸಿಡ್‌ನಾಗ ಪಿಷ್ಟ ಇಲ್ಲಲ್ಲ, ಅದಕ್ಕ ಸರಿ ಬಂತು.

10 ಗ್ರಾಂ ಪುಡಿಗೆ 70 ಪರ್ಸೆಂಟ್ ಮಿಥನಾಲ್ 100 ಎಂಎಲ್ ಹಾಕ್ರಿ. ಬಿರಡೆ ಬಿಗಿ ಮಾಡಿ 48 ತಾಸು ಇಡ್ರಿ, ನಡು ನಡುವ ಅಲುಗಾಡಸ್ರಿ. ವಾಟ್‌ಮನ್ 1 ಸೋಸುಕಾಗದದಾಗ ಸೋಸಿ, 40 ಡಿಗ್ರಿ ದಾಟದಂಗ ಆರಿಸ್ರಿ. ಒಣ ಸಾರ 10 ಮಿಲಿಗ್ರಾಂ ತೂಗಿ 10 ಎಂಎಲ್ ಮಿಥನಾಲ್‌ನಾಗ ಕರಗಿಸ್ರಿ. ತಳಕ್ಕ ಏನರ ಉಳದ್ರ ಸೆಂಟ್ರಿಫ್ಯೂಜ್ ಮಾಡಿ ಮ್ಯಾಲಿನ ತಿಳಿ ತಗೋರಿ. ಆದರ ಉಳದದ್ದು ಎಷ್ಟು ಅಂತ ತೂಕದಾಗ ಕಳೀಬೇಕು, ಇಲ್ಲಂದ್ರ ಐಸಿ50 (ಅರ್ಧದಷ್ಟು ಡಿಪಿಪಿಎಚ್ ಅಳಿಸಾಕ ಬೇಕಾದ ಸಾರದ ಪ್ರಮಾಣ) ಸುಳ್ಳ ಬರತೈತಿ.

ಡಿಪಿಪಿಎಚ್ 3.94 ಮಿಲಿಗ್ರಾಂ, ಮಿಥನಾಲ್ 100 ಎಂಎಲ್. ಆ ದಿನದ್ದು ಆ ದಿನಾನ ಮಾಡ್ರಿ, ಬಾಟ್ಲಿಗೆ ಫಾಯಿಲ್ ಸುತ್ತ್ರಿ. ಬೆರಸಿದ ಮ್ಯಾಲ 30 ನಿಮಿಷ ಕತ್ತಲಾಗ.

ಹಸಿರು_ಗದಗ:
ಮೇಲಿನ ಉತ್ತರ ಸರಿ. ಒಂದು ಬಿಟ್ಟಿದೆ: ಪ್ರತಿ ಪ್ರಮಾಣಕ್ಕೂ ಅಷ್ಟೇ ಸಾರ ಹಾಕಿ, ಡಿಪಿಪಿಎಚ್ ದ್ರಾವಣದ ಬದಲು ಬರೀ ಮಿಥನಾಲ್ ಸೇರಿಸಿದ ಒಂದು ಟ್ಯೂಬ್ ಇಡಬೇಕು. ಅದರ ರೀಡಿಂಗ್ ಕಳೆದ ಮೇಲೇ ಪರ್ಸೆಂಟ್ ಲೆಕ್ಕ ಹಾಕಿ. ಬಹಳ ಪ್ರಾಜೆಕ್ಟುಗಳು ಇಲ್ಲೇ ಸೋಲುತ್ತವೆ.

ಬಳ್ಳಿ ಎಲ್ಲಿಂದ ತಂದಿರಿ? ಎಲೆಯ ಅಡಿಭಾಗದಲ್ಲಿ ತುಪ್ಪಳದಂಥ ರೋಮ ಇದ್ದರೆ ಅದು ಟಿನೊಸ್ಪೊರಾ ಸೈನೆನ್ಸಿಸ್ ಇರಬಹುದು. ಅಮೃತಬಳ್ಳಿ ಅಂದರೆ ಟಿನೊಸ್ಪೊರಾ ಕಾರ್ಡಿಫೋಲಿಯಾ, ಅದರ ಎಲೆ ನುಣುಪು. ಎಲೆ ಸಮೇತ ಒಂದು ತುಂಡು ಒತ್ತಿ ಒಣಗಿಸಿ, ಹರ್ಬೇರಿಯಂನಲ್ಲಿ (ಒಣ ಸಸ್ಯಗಳ ಸಂಗ್ರಹಾಲಯ) ಗುರುತು ಹಾಕಿಸಿಕೊಳ್ಳಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿಂದ ಕೊಯ್ಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಿತ್ತಲ ಬೇವಿನ ಮರಕ್ಕೆ ಹಬ್ಬಿದ್ದೇ ಸಾಕು.

ಮಳೆಗಾಲದಲ್ಲಿ ಕಾಂಡವನ್ನು ಇಡಿಯಾಗಿ ಒಣಗಿಸಲು ಹೋದರೆ ಒಳಗೆ ಬೂಸು ಹಿಡಿಯುತ್ತದೆ. ಮೇಲಿನ ಕಾಗದದಂಥ ಸಿಪ್ಪೆ ತೆಗೆದು, ಸಣ್ಣ ಬಿಲ್ಲೆ ಕತ್ತರಿಸಿ, ನೆರಳಲ್ಲಿ ಫ್ಯಾನ್ ಕೆಳಗೆ ಹರಡಿ.

ಎಂಎಸ್ಸಿ_ಧಾರವಾಡ:
ಖರೇನ ಮಬ್ಬ ಐತ್ರಿ. ಗೈಡ್ ನೀರಿನ ಸಾರಾನ ಬೇಕು ಅಂತಾರ, ಏನ್ ಮಾಡ್ಲಿ?

ಕಷಾಯದ_ಕೆಮಿಸ್ಟ್ರಿ:
ಸಾರ ಅರ್ಧಕ್ಕ ಇಂಗಿಸಿ, ಆರಿದ ಮ್ಯಾಲ ಮೂರು ಪಾಲು ಇಥನಾಲ್ ಹಾಕಿ ರಾತ್ರಿ ಫ್ರಿಜ್‌ನಾಗ ಇಡ್ರಿ. ಕೆಳಗ ಕುಂತ ಪಿಷ್ಟ ಸೋಸಿ ತೆಗದು, ಉಳದದ್ದನ್ನ ಆರಿಸ್ರಿ. ರಿಪೋರ್ಟಿನಾಗ ‘ಪಿಷ್ಟ ತೆಗೆದ ನೀರಿನ ಸಾರ’ ಅಂತ ಬರೀರಿ, ಬರೀ ಕಷಾಯ ಅನ್ನಬ್ಯಾಡ್ರಿ. ಮತ್ತ ಟ್ಯೂಬಿನ್ಯಾಗ ಬಣ್ಣ ಹೋದದ್ದಕ್ಕ ‘ರೋಗ ತಡೀತೈತಿ’ ಅಂತ ತೀರ್ಮಾನ ಬರದ್ರ ವೈವಾದಾಗ ಹಿಡೀತಾರ. ಈ ಬಳ್ಳಿ ತಗೊಂಡವರ ಲಿವರಿಗೆ ಪೆಟ್ಟು ಬಿದ್ದ ವರದಿನೂ 2021ರಾಗ ಬಂದಾವ.