ಹಳೆ ಕಾರಿನ ಎಂಜಿನ್: ಮೆಷಿನ್ ಶಾಪ್ ಕೆಲಸಕ್ಕೆ ಎಷ್ಟು ದುಡ್ಡು ಇಡಬೇಕು? ಭಾನುವಾರದ ಪ್ರಶ್ನೋತ್ತರ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಈ ಭಾನುವಾರ ನಮ್ಮ ಮೈಸೂರು–ಮಂಡ್ಯ ಹಳೆ ಕಾರುಗಳ ಗುಂಪಿನಲ್ಲಿ ಲೇತ್ ಅಣ್ಣ ಉತ್ತರ ಕೊಡುತ್ತಾರೆ. ಮೈಸೂರಿನಲ್ಲಿ 30 ವರ್ಷದಿಂದ ಬೋರಿಂಗ್ (ಸವೆದ ಸಿಲಿಂಡರ್ ಕೊರೆದು ದೊಡ್ಡದು ಮಾಡುವುದು), ಕ್ರ್ಯಾಂಕ್ ಗ್ರೈಂಡಿಂಗ್ (ಕ್ರ್ಯಾಂಕ್ ಶಾಫ್ಟ್ ಸಾಣೆ ಹಿಡಿಯುವುದು), ಹೆಡ್ (ಎಂಜಿನ್ನಿನ ಮೇಲಿನ ಮುಚ್ಚಳ) ಕೆಲಸ ಮಾಡುತ್ತಿದ್ದಾರೆ. ಯಾವ ಕಾರು, ಎಷ್ಟರ ಮಟ್ಟಿಗೆ ಬಿಚ್ಚಿದ್ದೀರಿ ಅಂತ ಬರೆದು ಪ್ರಶ್ನೆ ಕೇಳಿ.

ಕುವೆಂಪುನಗರ ಪದ್ಮಿನಿ: ಅಣ್ಣ, ನಂದು 1986ರ ಪದ್ಮಿನಿ. ಹೊಗೆ ಜಾಸ್ತಿ. 500 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತೆ. ಎಂಜಿನ್ ಇಳಿಸೋಣ ಅಂತಿದ್ದೇನೆ. ಮೆಷಿನ್ ಶಾಪ್ ಖರ್ಚು ಒಟ್ಟು ಎಷ್ಟಾಗುತ್ತೆ?

ಲೇತ್ ಅಣ್ಣ: ಒಟ್ಟು ಎಷ್ಟು ಅಂತ ಈಗಲೇ ಹೇಳಿದರೆ ಅದು ಸುಳ್ಳು ಲೆಕ್ಕ. ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್ ಭಾಗ) ತೊಳೆದು, ಬಿರುಕು ನೋಡಿ, ಅಳತೆ ತೆಗೆದ ಮೇಲೇ ಸರಿಯಾದ ಲೆಕ್ಕ ಸಿಗುವುದು. ಆದರೂ ಒಂದು ಅಂದಾಜು ಬೇಕಲ್ವಾ? ನಮ್ಮ ಶಾಪಿನ ರೇಟು ಹೇಳುತ್ತೇನೆ. ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್‌ಗೆ ತೊಳೆಯುವುದು, ಬಿರುಕು ಪರೀಕ್ಷೆ, ಅಳತೆ ಸೇರಿ 2,000. ಬೋರಿಂಗ್ ಮತ್ತು ಹೋನಿಂಗ್ (ಕೊರೆದ ಗೋಡೆ ನಯ ಮಾಡುವುದು) 3,600. ಕ್ರ್ಯಾಂಕ್ ಗ್ರೈಂಡಿಂಗ್, ಪಾಲಿಶ್ 3,200. ಹೆಡ್ ಫೇಸಿಂಗ್ (ಮೇಲ್ಮೈ ಸಮ ಮಾಡುವುದು) 1,200. ವಾಲ್ವ್ ಗೈಡ್ ಬದಲಾಯಿಸಿ ಸೀಟ್ (ವಾಲ್ವ್ ಕೂರುವ ಜಾಗ) ಕತ್ತರಿಸಲು 2,800. ಕನೆಕ್ಟಿಂಗ್ ರಾಡ್ ನೇರ ಇದೆಯಾ ನೋಡಿ ಬುಷ್ ಹಾಕಲು 1,400. ಎಲ್ಲ ಸೇರಿ 14,200. ಪಿಸ್ಟನ್ ಸೆಟ್, ಮೆಟಲ್ (ಕ್ರ್ಯಾಂಕಿನ ಬೇರಿಂಗ್), ವಾಲ್ವ್, ಗ್ಯಾಸ್ಕೆಟ್ ಯಾವುದೂ ಇದರಲ್ಲಿ ಇಲ್ಲ. ಬೇರೆ ಶಾಪಿನಲ್ಲಿ ಹೆಚ್ಚು ಕಡಿಮೆ ಇರುತ್ತೆ. ಇದಲ್ಲದೆ ಇನ್ನೊಂದು 5,000 ಬೇರೆ ತೆಗೆದಿಡಿ. ಹಳೆ ಬ್ಲಾಕ್ ತೊಳೆದಾಗ ಏನಾದರೊಂದು ಕಂಡೇ ಕಾಣುತ್ತೆ.

ಆದರೆ ಹೊಗೆ ಬಂತು ಅಂದ ಮಾತ್ರಕ್ಕೆ ಬೋರಿಂಗ್ ಅಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ಗೈಡ್, ಸೀಲ್ ನೋಡಿ. ಏರಿನಲ್ಲಿ ಎಳೆಯುವಾಗಲೆಲ್ಲ ಹೊಗೆ ಇದ್ದರೆ ಪಿಸ್ಟನ್ ರಿಂಗ್, ಬೋರ್ (ಸಿಲಿಂಡರಿನ ಒಳತೂತು). ಇಳಿಸುವ ಮೊದಲು ಕಂಪ್ರೆಷನ್ ಗೇಜ್ ಹಾಕಿ. ಆಮೇಲೆ ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಏರಿದರೆ ರಿಂಗ್ ಹೋಗಿದೆ. ಏರದಿದ್ದರೆ ವಾಲ್ವ್.

ಹೆಬ್ಬಾಳ ಅಂಬಾಸಿಡರ್: ನಮಸ್ತೆ ಅಣ್ಣ. 1978ರ ಮಾರ್ಕ್ 3. ಫುಲ್ ಎಂಜಿನ್ ಕೆಲಸಕ್ಕೆ ಎಷ್ಟಾಗಬಹುದು?

ಲೇತ್ ಅಣ್ಣ: ಮೇಲಿನ ಉತ್ತರ ಓದಿ. ಅದೇ ಕ್ರಮ, ಹೆಚ್ಚು ಕಡಿಮೆ ಅದೇ ರೇಟು.

ಸರಸ್ವತಿಪುರಂ ಹೆರಾಲ್ಡ್: ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಕ್ರ್ಯಾಂಕ್ ಮೆಟಲ್ ಎಲ್ಲಿ ಸಿಗುತ್ತೆ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಸಲ ಹುಡುಕಿ ಬಂದೆ.

ಮದ್ದೂರು ಫಿಯೆಟ್: ಅಣ್ಣ, ಸ್ವಲ್ಪ ಅರ್ಜೆಂಟ್. ನಮ್ಮ ತಂದೆಯ 1968ರ ಫಿಯೆಟ್ 1100 ಡಿಲೈಟ್. 14 ವರ್ಷ ಆಲೆಮನೆ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ನಿಲ್ಲಿಸುವ ಮೊದಲು ರೇಡಿಯೇಟರ್‌ನಲ್ಲಿ ಗುಳ್ಳೆ ಬರುತ್ತಿತ್ತು, ಬಿಸಿಯಾಗುತ್ತಿತ್ತು. ಈಗ ಹೆಡ್ ಬಿಚ್ಚಿದ್ದೇವೆ. 2 ಮತ್ತು 3ನೇ ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಸುಟ್ಟಿದೆ. 3ರಲ್ಲಿ ತುಕ್ಕು ಹಿಡಿದು ಪಿಸ್ಟನ್ ಅಲ್ಲಾಡುತ್ತಿಲ್ಲ. ಇಲ್ಲಿಯ ಒಂದು ವರ್ಕ್‌ಶಾಪಿನವರು ನೋಡಿದ ತಕ್ಷಣ "40 ಓವರ್‌ಸೈಜ್ ಹೊಡೆಯೋಣ, ಎಲ್ಲ ಸೇರಿ 28,000, 10,000 ಅಡ್ವಾನ್ಸ್ ಕೊಡಿ" ಅಂದರು. ನಾಳೆ ಬೆಳಿಗ್ಗೆ ಬ್ಲಾಕ್ ಕೊಡಬೇಕು. ಕೊಡಲಾ?

ಲೇತ್ ಅಣ್ಣ: ಕೊಡಬೇಡಿ. ಅಡ್ವಾನ್ಸ್ ಕೊಟ್ಟಿದ್ದರೆ ಫೋನ್ ಮಾಡಿ, ಅಳತೆ ತೆಗೆಯುವ ತನಕ ಬೋರಿಂಗ್ ಮೆಷಿನ್ನಿಗೆ ಬ್ಲಾಕ್ ಏರಿಸಬೇಡಿ ಅಂತ ಹೇಳಿ. ಯಾಕೆ ಅಂತ ಬಿಡಿಸಿ ಬರೆಯುತ್ತೇನೆ. ಬೇರೆಯವರೂ ಓದಿ.

ನಿಮ್ಮದು 1089 ಸಿಸಿ. ಬೋರ್ 68 ಮಿ.ಮೀ., ಸ್ಟ್ರೋಕ್ 75. ಓವರ್‌ಸೈಜ್ 10, 20, 30, 40 ಅಂತ ನಾಲ್ಕು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೆ ಕಾಲು ಮಿಲಿಮೀಟರ್ ದೊಡ್ಡದಾಗುತ್ತೆ. 40 ಅಂದರೆ 69 ಮಿ.ಮೀ. ಮುಟ್ಟಿತು. ಅದು ಕೊನೆಯ ಮೆಟ್ಟಿಲು. ಆಮೇಲೆ ಏನಾದರೂ ಆದರೆ ಸ್ಲೀವ್ (ಬೋರ್ ಒಳಗೆ ಕೂರಿಸುವ ಹೊಸ ಕೊಳವೆ) ಬಿಟ್ಟು ದಾರಿಯಿಲ್ಲ. 20ರಲ್ಲಿ ತುಕ್ಕಿನ ಗುಂಡಿ ಹೋಗುವುದಾದರೆ 40 ಯಾಕೆ ಹೊಡೆಯಬೇಕು? ಕಣ್ಣಿನಲ್ಲಿ ನೋಡಿ ಸೈಜ್ ಹೇಳಿದವರು ತಮ್ಮ ಹತ್ತಿರ ಯಾವ ಪಿಸ್ಟನ್ ಇದೆಯೋ ಅದಕ್ಕೆ ಹೇಳಿದ್ದಾರೆ, ಬ್ಲಾಕ್ ನೋಡಿ ಅಲ್ಲ.

ಮೊದಲು 3ನೇ ಪಿಸ್ಟನ್. ಅರ್ಧ ಡೀಸೆಲ್, ಅರ್ಧ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ) ಆಯಿಲ್ ಸುರಿದು ಒಂದು ದಿನ ಬಿಡಿ. ರಾಡ್ ಕ್ಯಾಪ್ ಬಿಚ್ಚಿ, ಕ್ರ್ಯಾಂಕ್ ತೆಗೆದು, ಮರದ ತುಂಡು ಇಟ್ಟು ಕೆಳಗಿನಿಂದ ನಿಧಾನ ಬಡಿಯಿರಿ. ಪಿಸ್ಟನ್ ಹಾಳಾದರೂ ಪರವಾಗಿಲ್ಲ, ಹೇಗೂ ಹೊಸದು ಬೇಕು. ಗೋಡೆಗೆ ಕಬ್ಬಿಣದ ರಾಡ್ ತಾಗಬಾರದು.

ಆಮೇಲೆ ಬೋರ್ ಒಳಗೆ ಬೆರಳು ಹಾಕಿ ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಮೇಲೆ ಒಂದು ಕಡೆ ಉಗುರು ತಡೆಯುತ್ತೆ. ಅಲ್ಲಿಂದ ಮೇಲೆ ರಿಂಗ್ ಓಡಿಲ್ಲ, ಹಾಗಾಗಿ ಸವೆದಿಲ್ಲ. ಸವೆತ ಹೆಚ್ಚಿರುವುದು ಅದರ ಕೆಳಗೇ. ಅಲ್ಲಿ, ನಡುವೆ, ಕೆಳಗೆ, ಹೀಗೆ ಮೂರು ಕಡೆ, ಒಂದೊಂದು ಕಡೆ ಅಡ್ಡ ಉದ್ದ ಎರಡು ಸಲ ಡಯಲ್ ಗೇಜ್ ಇಟ್ಟು ಬರೆಸಿಕೊಳ್ಳಿ. ನಾಲ್ಕು ಸಿಲಿಂಡರ್‌ಗೆ 24 ಅಂಕಿ. ಆ ಚೀಟಿ ನಿಮ್ಮ ಜೇಬಿನಲ್ಲಿರಬೇಕು.

ಸೈಜ್ ಗೊತ್ತಾದ ಮೇಲೆ ಪಿಸ್ಟನ್ ಕೊಳ್ಳಿ. ಪಿಸ್ಟನ್ ಕೈಗೆ ಬಂದ ಮೇಲೆ ಬೋರ್ ಮಾಡಿಸಿ. ಉಲ್ಟಾ ಮಾಡಬೇಡಿ. ಈ ತಪ್ಪು ನಾನೂ ಮಾಡಿದ್ದೇನೆ. ಒಮ್ಮೆ ಡಬ್ಬಿಯ ಮೇಲೆ 30 ಅಂತ ಇದ್ದದ್ದನ್ನು ನಂಬಿ ಬೋರ್ ಮಾಡಿಬಿಟ್ಟೆ. ಒಳಗಿದ್ದದ್ದು 20ರ ಪಿಸ್ಟನ್. ಅವರ ಬ್ಲಾಕಿನಿಂದ ಒಂದು ಮೆಟ್ಟಿಲು ಸುಮ್ನೆ ಹೋಯಿತು. 30ರ ಸೆಟ್ ಹುಡುಕಿ ನನ್ನ ದುಡ್ಡಿನಲ್ಲಿ ತಂದುಕೊಟ್ಟೆ, ಆದರೆ ಹೋದ ಲೋಹ ವಾಪಸ್ ಬರುವುದಿಲ್ಲ. ಅವತ್ತಿನಿಂದ ನಾಲ್ಕೂ ಪಿಸ್ಟನ್ನಿನ ಸ್ಕರ್ಟ್ (ಕೆಳಭಾಗ) ಮೈಕ್ರೋಮೀಟರ್‌ನಲ್ಲಿ ಅಳೆಯದೆ ಮೆಷಿನ್ ಆನ್ ಮಾಡುವುದಿಲ್ಲ.

ನನಗೆ ನಿಜವಾದ ಭಯ ಇರುವುದು ಗುಳ್ಳೆ ವಿಷಯದಲ್ಲಿ. ನಿಮ್ಮ ಬ್ಲಾಕ್ ಬೀಡು ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಅಷ್ಟು ಬಿಸಿಯಾಗಿದ್ದರೆ ಹೆಡ್ ಸೊಟ್ಟ ಆಗಿರುತ್ತೆ ಅಥವಾ ಬಿರುಕು ಬಿಟ್ಟಿರುತ್ತೆ. ಕೋರ್ ಪ್ಲಗ್ (ನೀರಿನ ದಾರಿಯ ಮುಚ್ಚಳ) ಎಲ್ಲ ತೆಗೆಸಿ ಬ್ಲಾಕ್ ತೊಳೆಸಿ. ಹೆಡ್‌ಗೆ ಮತ್ತು ಬ್ಲಾಕಿನ ಮೇಲ್ಮೈಗೆ ಡೈ ಹಾಕಿಸಿ. ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಹೊಡೆಯುತ್ತಾರೆ. ಹತ್ತು ನಿಮಿಷದಲ್ಲಿ ಬಿರುಕು ಇದ್ದ ಕಡೆ ಬಿಳಿಯ ಮೇಲೆ ಕುಂಕುಮದ ಗೆರೆ ಎಳೆದ ಹಾಗೆ ಮೂಡುತ್ತೆ. ಬ್ಲಾಕಿನಲ್ಲಿ ಗೆರೆ ಬಂದರೆ ಬೋರಿಂಗಿಗೆ ಒಂದು ರೂಪಾಯಿ ಹಾಕುವ ಮೊದಲು ಯೋಚಿಸಬೇಕು. ಅದಕ್ಕೇ ಮೊದಲ 2,000ದ ಕೆಲಸ ಮಾಡಿಸಿ ನಿಲ್ಲಿಸಿ. ಚೀಟಿ ನೋಡಿ. ಆಮೇಲೆ ಮುಂದಿನದಕ್ಕೆ ಕೈ ಹಾಕಿ.

ಗುತ್ತಲು ಪದ್ಮಿನಿ: ಇದು ನನಗೆ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. "ಹೆಡ್, ಬ್ಲಾಕ್ ಲೀಕ್ ಆದರೆ ಬಿಚ್ಚಬೇಡಿ! ರೇಡಿಯೇಟರ್‌ಗೆ 2 ಚಮಚ ಅರಿಶಿನ ಪುಡಿ, 1 ಮೊಟ್ಟೆಯ ಬಿಳಿ ಹಾಕಿ. ಜಾಮ್ ಆದ ಎಂಜಿನ್‌ಗೆ ಪ್ಲಗ್ ತೂತಿನಲ್ಲಿ ಕೋಲಾ ಹಾಕಿ, ಮೂರನೇ ಗೇರಿನಲ್ಲಿ ಎಳೆಸಿ. ಸಾವಿರಾರು ರೂಪಾಯಿ ಉಳಿಸಿ."

ಲೇತ್ ಅಣ್ಣ: ದಯವಿಟ್ಟು ಇದನ್ನು ಅಳಿಸಿ. ಅರಿಶಿನ ಹಾಕಿದ ಬ್ಲಾಕನ್ನು ನಾನು ತೊಳೆದಿದ್ದೇನೆ. ನೀರಿನ ದಾರಿಯಲ್ಲಿ ಗಟ್ಟಿ ಕೆಸರು. ರೇಡಿಯೇಟರಿನ ಸಣ್ಣ ಕೊಳವೆಗಳು ಅರ್ಧ ಮುಚ್ಚಿಹೋಗಿದ್ದವು. ಲೀಕ್ ನಿಲ್ಲಿಸಲು ಹೋಗಿ ಎಂಜಿನ್ ಬೇಯಿಸಿದರು. ಜಾಮ್ ಆದ ಎಂಜಿನ್ನನ್ನು ಗೇರಿನಲ್ಲಿ ಎಳೆಸಿದರೆ ರಾಡ್ ಬಗ್ಗುತ್ತೆ, ರಿಂಗ್ ಮುರಿದು ಬೋರ್ ಗೀರುತ್ತೆ. ಉಳಿಯುವುದು ಏನೂ ಇಲ್ಲ.

ಗುತ್ತಲು ಪದ್ಮಿನಿ: ನಮ್ಮ ಮಾವನ ಲಾರಿಗೆ ಅರಿಶಿನ ಹಾಕಿ ಶಿವಮೊಗ್ಗದ ತನಕ ಹೋಗಿದ್ದಾರೆ ಸಾರ್.

ಲೇತ್ ಅಣ್ಣ: ರೇಡಿಯೇಟರ್ ತೂತಾಗಿ ದಾರಿಯಲ್ಲಿ ನಿಂತಾಗ ಊರು ಸೇರಲು ಮಾಡಿದ್ದು ಬೇರೆ. ನಾವು ಇಲ್ಲಿ ಎಂಜಿನ್ ಕಟ್ಟುವ ಮಾತಾಡುತ್ತಿದ್ದೇವೆ.

ಹೆಬ್ಬಾಳ ಅಂಬಾಸಿಡರ್: ಮದ್ದೂರಿನವರಿಗೆ ನನ್ನ ಸಲಹೆ. ಓವರ್‌ಸೈಜ್ ತಲೆನೋವೇ ಬೇಡ. ನಾಲ್ಕಕ್ಕೂ ಸ್ಲೀವ್ ಹಾಕಿಸಿ ಸ್ಟ್ಯಾಂಡರ್ಡ್ ಮಾಡಿಸಿ. ನಾನು ಹಾಗೇ ಮಾಡಿಸುವವನು.

ಪಾಂಡವಪುರ ಜೀಪ್: ಸ್ಲೀವ್ ಅಂದರೆ ನನಗೆ ಆಗುವುದಿಲ್ಲ. ನನ್ನ ಜೀಪಿಗೆ ಹಾಕಿದ್ದು ಆರು ತಿಂಗಳಿಗೆ ಕೆಳಗೆ ಜಾರಿತು. ಕ್ರ್ಯಾಂಕ್ ತಾಗಿ ಟಕ್ ಟಕ್ ಸದ್ದು. ಪಿಸ್ಟನ್ ಸಮೇತ ಹೋಯಿತು.

ಹೆಬ್ಬಾಳ ಅಂಬಾಸಿಡರ್: ಅದು ಹಾಕಿದವರ ತಪ್ಪು, ಸ್ಲೀವಿನ ತಪ್ಪಲ್ಲ.

ಪಾಂಡವಪುರ ಜೀಪ್: ನೀವು ಇನ್ನೂ ಎಂಜಿನ್ನೇ ಬಿಚ್ಚಿಲ್ಲ. ಒಟ್ಟು ಎಷ್ಟು ಅಂತ ಕೇಳಿದವರು ನೀವೇ ಅಲ್ವಾ? ನಾನು ದುಡ್ಡು ಕಳೆದುಕೊಂಡು ಹೇಳುತ್ತಿದ್ದೇನೆ.

ಹೆಬ್ಬಾಳ ಅಂಬಾಸಿಡರ್: ನಮ್ಮ ತಂದೆಯ ಕಾಲದಿಂದ ಮೂರು ಅಂಬಾಸಿಡರ್ ನೋಡಿದ್ದೇನೆ. ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ.

ಲೇತ್ ಅಣ್ಣ: ಇಬ್ಬರೂ ಕೇಳಿ. ಸ್ಲೀವ್ ಸರಿಯಾಗಿ ಕೂತರೆ ಜಾರುವುದಿಲ್ಲ. ಬ್ಲಾಕಿನ ತಳದಲ್ಲಿ ಅಥವಾ ಮೇಲೆ ಸ್ಲೀವ್ ತಡೆಯಲು ಅಂಚು ಬಿಡಬೇಕು, ಬಿಗಿತ ಸರಿ ಇರಬೇಕು. ಆದರೆ ಗೋಡೆ ಚೆನ್ನಾಗಿರುವ ಬ್ಲಾಕನ್ನು ಸ್ಲೀವಿಗೆ ಅಂತ ಕೊರೆಯುವುದು ನಷ್ಟ. ಗೋಡೆ ತೆಳ್ಳಗಾಗುತ್ತೆ, ಖರ್ಚು ಎರಡರಷ್ಟು. ಒಂದು ಸಿಲಿಂಡರ್ ಮಾತ್ರ ಕೆಟ್ಟಿದ್ದರೆ ಅದೊಂದಕ್ಕೇ ಹಾಕಬಹುದು.

ಯಾದವಗಿರಿ ಯೆಜ್ಡಿ: ಅಣ್ಣ, ಕಾರಲ್ಲ, ಬೈಕ್. ಯೆಜ್ಡಿ ಕ್ರ್ಯಾಂಕ್ ಬಿಚ್ಚಿ ಹೊಸ ಪಿನ್ ಒತ್ತುವ ಕೆಲಸ ಮಾಡುತ್ತೀರಾ?

ಕುವೆಂಪುನಗರ ಪದ್ಮಿನಿ: ಕಂಪ್ರೆಷನ್ ನೋಡಿದೆ ಅಣ್ಣ. ಆಯಿಲ್ ಬಿಟ್ಟ ಮೇಲೆ ನಾಲ್ಕರಲ್ಲೂ ಏರಿತು.

ಲೇತ್ ಅಣ್ಣ: ಹಾಗಾದರೆ ರಿಂಗ್, ಬೋರ್. ಇಳಿಸಿ.

ಹೆಬ್ಬಾಳ ಅಂಬಾಸಿಡರ್: ನನ್ನ ಇನ್ನೊಂದು ಪ್ರಶ್ನೆ. ಸೀಸ ಹಾಕಿದ ಪೆಟ್ರೋಲ್ 2000ಕ್ಕೇ ನಿಂತಿದೆ. ಅಂಬಾಸಿಡರ್ ಹೆಡ್‌ಗೆ ಗಟ್ಟಿ ಸೀಟ್ ಹಾಕಿಸಲೇಬೇಕಾ? ಅದಕ್ಕೂ ಬಜೆಟ್ ಬೇಕಲ್ವಾ?

ಲೇತ್ ಅಣ್ಣ: ಒಳ್ಳೆಯ ಪ್ರಶ್ನೆ. ಹಳೆಯ ಅಂಬಾಸಿಡರ್ ಹೆಡ್ ಬೀಡು. ಸೀಟನ್ನು ಅದರಲ್ಲೇ ಕತ್ತರಿಸಿರುತ್ತಾರೆ. ಸೀಸ ಮೊದಲು ಸೀಟಿನ ಮೇಲೆ ಒಂದು ಪದರ ಬಿಡುತ್ತಿತ್ತು. ಈಗ ಅದಿಲ್ಲ. ಹೈವೇಯಲ್ಲಿ ಜೋರಾಗಿ ಓಡಿಸಿದರೆ ಎಗ್ಸಾಸ್ಟ್ ವಾಲ್ವ್ ಸ್ವಲ್ಪ ಸ್ವಲ್ಪವೇ ಸೀಟಿನೊಳಗೆ ಇಳಿಯುತ್ತೆ, ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಂದು) ಮುಚ್ಚಿಕೊಳ್ಳುತ್ತೆ. ಪದೇ ಪದೇ ಟ್ಯಾಪೆಟ್ ಬಿಗಿಯಾಗುತ್ತಿದ್ದರೆ ಇದೇ ಕಾರಣ. ಎಗ್ಸಾಸ್ಟ್ ನಾಲ್ಕಕ್ಕೆ ಮಾತ್ರ ಹಾಕಿಸಿ, ಒಂದಕ್ಕೆ 600. ಇನ್‌ಟೇಕ್‌ಗೆ ಬೇಡ. ಭಾನುವಾರ ಚಾಮುಂಡಿ ಬೆಟ್ಟಕ್ಕೆ ಹೋಗಿ ಬರುವಷ್ಟೇ ಓಡಿಸುವುದಾದರೆ ಈ ಸಲ ಬಿಡಬಹುದು. ಹೆಡ್ ಹೇಗೂ ಬಿಚ್ಚಿದ್ದರೆ ಹಾಕಿಸುವುದೇ ಒಳ್ಳೆಯದು.

ಪಾಂಡವಪುರ ಜೀಪ್: ಈಗಿನ 20 ಪರ್ಸೆಂಟ್ ಎಥೆನಾಲ್ ಪೆಟ್ರೋಲ್ ಬಗ್ಗೆ ಹೇಳಿ. ಅದರಿಂದಲೇ ಎಲ್ಲ ಹಾಳಾಗುತ್ತಿರುವುದು.

ಗುತ್ತಲು ಪದ್ಮಿನಿ: ಎಥೆನಾಲ್ ನಮ್ಮ ಕಬ್ಬಿನಿಂದಲೂ ಬರುತ್ತೆ. ಮಂಡ್ಯದವರೇ ಬೈದರೆ ಹೇಗೆ?

ಪಾಂಡವಪುರ ಜೀಪ್: ಕಬ್ಬು ನಾನೂ ಬೆಳೆಯುತ್ತೇನೆ. ನನ್ನ ಪೆಟ್ರೋಲ್ ಪೈಪ್ ಒಂದು ವರ್ಷಕ್ಕೆ ಉಬ್ಬಿ ಬಿರಿದಿದೆ. ಅದನ್ನು ಯಾರು ಕೊಡುತ್ತಾರೆ?

ಲೇತ್ ಅಣ್ಣ: ಪೈಪ್, ಪಂಪಿನ ಡಯಾಫ್ರಂ, ಕಾರ್ಬ್ಯುರೇಟರ್ ವಾಷರ್ ಹೊಸ ರಬ್ಬರಿಗೆ ಬದಲಾಯಿಸಿ. ಅದು ಮೆಷಿನ್ ಶಾಪ್ ಕೆಲಸ ಅಲ್ಲ. ಕಬ್ಬಿನ ವಿಷಯ ಇಲ್ಲಿ ಬೇಡ.

ನಂಜನಗೂಡು ಅಂಬಾಸಿಡರ್: ಅಣ್ಣ, ಎಂಜಿನ್ ಪೂರ್ತಿ ಕೆಲಸಕ್ಕೆ ಒಟ್ಟು ಎಷ್ಟಾಗುತ್ತೆ?

ಲೇತ್ ಅಣ್ಣ: ಮೇಲೆ ಇದೆ.

ಗುತ್ತಲು ಪದ್ಮಿನಿ: ಹೇಳಲೇಬೇಕು. ಮಂಡ್ಯದಲ್ಲಿ ಬೋರಿಂಗ್, ಕ್ರ್ಯಾಂಕ್, ಹೆಡ್ ಎಲ್ಲ ಸೇರಿ 7,000ಕ್ಕೆ ಮಾಡಿಕೊಡುತ್ತಾರೆ. ಮೈಸೂರಿನಲ್ಲಿ 14,000. ಹೆಸರಿಗೆ ದುಡ್ಡು ತೆಗೆದುಕೊಳ್ಳುತ್ತಿದ್ದೀರಿ.

ಲೇತ್ ಅಣ್ಣ: 7,000ದಲ್ಲಿ ಏನೇನಿದೆ ಕೇಳಿ ಬನ್ನಿ. ಗ್ರೈಂಡ್ ಮಾಡುವ ಮೊದಲು ಕ್ರ್ಯಾಂಕ್ ನೇರ ಇದೆಯಾ ನೋಡುತ್ತಾರಾ? ಜರ್ನಲ್ (ಕ್ರ್ಯಾಂಕಿನಲ್ಲಿ ಮೆಟಲ್ ಕೂರುವ ಭಾಗ) ಮೂಲೆಯನ್ನು ಸ್ವಲ್ಪ ದುಂಡಗೆ ಬಿಡುತ್ತಾರಾ, ಅಥವಾ ಚೂಪಾಗಿ ಕತ್ತರಿಸುತ್ತಾರಾ? ಚೂಪು ಬಿಟ್ಟರೆ ಬಿರುಕು ಶುರುವಾಗುವುದು ಅಲ್ಲೇ, ಕ್ರ್ಯಾಂಕ್ ತುಂಡಾಗುವುದೂ ಅಲ್ಲೇ. ತುಂಡಾದ ಎರಡು ಕ್ರ್ಯಾಂಕ್ ನನ್ನ ಶಾಪಿನಲ್ಲಿವೆ. ಬಂದು ಬೆರಳಿಟ್ಟು ನೋಡಿ. ರಾಡ್ ನೇರ ನೋಡುತ್ತಾರಾ? ಆಯಿಲ್ ದಾರಿಯ ಪ್ಲಗ್ ತೆಗೆದು ಒಳಗಿನ ಪುಡಿ ತೊಳೆಯುತ್ತಾರಾ? ಇಷ್ಟೂ ಮಾಡಿ 7,000 ತೆಗೆದುಕೊಳ್ಳುವವರಿದ್ದರೆ ಅಲ್ಲೇ ಮಾಡಿಸಿ, ನನಗೇನೂ ಬೇಜಾರಿಲ್ಲ. ಮಂಡ್ಯದಲ್ಲಿ ಒಳ್ಳೆಯ ಕೆಲಸಗಾರರು ಇದ್ದಾರೆ. ಇದರ ಮೇಲೆ ನಾನು ಮತ್ತೆ ಉತ್ತರ ಕೊಡುವುದಿಲ್ಲ.

ಗುತ್ತಲು ಪದ್ಮಿನಿ: ಕೇಳಿದ್ದಕ್ಕೆ ಇಷ್ಟು ಕೋಪ ಯಾಕೆ?

ಪಾಂಡವಪುರ ಜೀಪ್: ಬೆಳಿಗ್ಗೆಯಿಂದ ಒಬ್ಬರು ಪುಕ್ಕಟೆ ಕೂತು ಹೇಳುತ್ತಿದ್ದಾರೆ. ನೀವು ಅರಿಶಿನ ಹಾಕಿ ಅಂತೀರಿ.

ನಿರ್ವಾಹಕರು: ವೈಯಕ್ತಿಕ ಮಾತು ಸಾಕು. ಫಾರ್ವರ್ಡ್ ಅಳಿಸಿದ್ದೇನೆ.

ಸರಸ್ವತಿಪುರಂ ಹೆರಾಲ್ಡ್: ಹೆರಾಲ್ಡ್ ಮೆಟಲ್ ಬಗ್ಗೆ ಯಾರಿಗಾದರೂ ಗೊತ್ತಾ?

ಮದ್ದೂರು ಫಿಯೆಟ್ (ಬುಧವಾರ ರಾತ್ರಿ): ಅಣ್ಣ, ಅಡ್ವಾನ್ಸ್ ಕೊಡಲಿಲ್ಲ. ಪಿಸ್ಟನ್ ಬಿಡಿಸಿ ಬೇರೆ ಕಡೆ ತೊಳೆಸಿ ಅಳೆಸಿದೆ. ನಾಲ್ಕರಲ್ಲಿ ಹೆಚ್ಚು ಸವೆದದ್ದು 3ನೆಯದು, ಮೇಲೆ 68.31. ತುಕ್ಕಿನ ಗುಂಡಿಯೂ ಅಲ್ಲೇ. ಆಳ ಇಲ್ಲ ಅಂದರು. ಬ್ಲಾಕಿನಲ್ಲಿ ಗೆರೆ ಇಲ್ಲ. ಹೆಡ್‌ನಲ್ಲಿ 2ನೇ ಸಿಲಿಂಡರಿನ ಎರಡು ವಾಲ್ವ್ ಸೀಟಿನ ನಡುವೆ ಕೆಂಪು ಗೆರೆ ಬಂತು. ನೋಡಿ ಕೈ ನಡುಗಿತು. ಅಪ್ಪನ ಕಾಲದ ಹೆಡ್.

ಲೇತ್ ಅಣ್ಣ: ಬ್ಲಾಕ್ ಉಳಿಯಿತು, ಅದು ದೊಡ್ಡದು. 68.31 ಅಂದರೆ 20 ಸೈಜಿನ 68.5ರಲ್ಲಿ ಶುದ್ಧವಾಗುತ್ತೆ. ಮೇಲೆ ಎರಡು ಮೆಟ್ಟಿಲು ಮಿಕ್ಕಿತು. 20ರ ಪಿಸ್ಟನ್ ಸೆಟ್ ಹುಡುಕಿ, ಸಿಗುವ ತನಕ ಬೋರ್ ಬೇಡ. ರಿಂಗ್ ಗ್ಯಾಪ್ 0.25ರಿಂದ 0.30 ಮಿ.ಮೀ. ಇರಲಿ.

ಹೆಡ್‌ಗೆ ವೆಲ್ಡಿಂಗ್ ಆಗುತ್ತೆ. ಕ್ರಮ ತಪ್ಪಬಾರದು. ಸೀಟ್ ತೆಗೆದು, ಹೆಡ್ ಪೂರ್ತಿ ಬಿಸಿ ಮಾಡಿ ಟಿಗ್ ವೆಲ್ಡ್, ಆಮೇಲೆ ಪ್ರೆಷರ್ ಟೆಸ್ಟ್. ಅದರಲ್ಲಿ ಪಾಸಾದರೆ ಮಾತ್ರ ಫೇಸಿಂಗ್ ಮತ್ತು ಹೊಸ ಸೀಟ್. ನಮ್ಮಲ್ಲಿ ಇದಕ್ಕೆ 6,000 ಇಟ್ಟುಕೊಳ್ಳಿ. ಬೇರೆ ಒಳ್ಳೆಯ ಹೆಡ್ ಸಿಕ್ಕಿದರೆ ಅದಕ್ಕೂ ಡೈ ಹಾಕದೆ ದುಡ್ಡು ಕೊಡಬೇಡಿ. ಈಗಲೇ ಯಾರೂ ಫೇಸಿಂಗ್ ಮಾಡದಂತೆ ನೋಡಿಕೊಳ್ಳಿ. ಗೋಣಿಚೀಲದಲ್ಲಿ ಸುತ್ತಿ ಶನಿವಾರ ತನ್ನಿ, ವಾಲ್ವ್ ಸಮೇತ. ಯಾವ ವಾಲ್ವ್ ಯಾವ ತೂತಿನದು ಅಂತ ಗುರುತು ಹಾಕಿ.

ಮದ್ದೂರು ಫಿಯೆಟ್: ಶನಿವಾರ 10 ಗಂಟೆಗೆ ಬರುತ್ತೇನೆ ಅಣ್ಣ. ಚೀಟಿಯೂ ತರುತ್ತೇನೆ.