ಸಹಾಯ ಬೇಕು: ತಾಯಿ, ಮಗ ಜೊತೆಗೇ ಇರಬಹುದಾದ ಜಾಗ

ನಮಸ್ಕಾರ. ನನಗೆ ಗೊತ್ತಿರುವ ಒಬ್ಬರು ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದಿದ್ದಾರೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದೆವು, ಈಗ ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರದಲ್ಲಿದ್ದಾರೆ. ಅಲ್ಲಿ ಇರಲು ಬಿಡುವುದು 5 ದಿನ ಅಷ್ಟೇ. ಆಮೇಲೆ ಶಕ್ತಿ ಸದನ ಅನ್ನುವ ಸರ್ಕಾರಿ ಯೋಜನೆಯ ಆಶ್ರಯ ಮನೆ ಇದೆ, ಆದರೆ ಅಲ್ಲಿ ತಾಯಿ ಜೊತೆ 12 ವರ್ಷದವರೆಗಿನ ಗಂಡುಮಕ್ಕಳಿಗೆ ಮಾತ್ರ ಜಾಗ. ಇವರ ಮಗನಿಗೆ 14. ಅವನನ್ನು ಬಿಟ್ಟಿರುವುದಕ್ಕಿಂತ ವಾಪಸ್ ಆ ಮನೆಗೇ ಹೋಗ್ತೀನಿ ಅಂತಿದ್ದಾರೆ. ತಾಯಿ ಅಲ್ವಾ?

ಮೈಸೂರಿನ ಒಡನಾಡಿ, ಬೆಂಗಳೂರಿನ ವಿಮೋಚನಾದಂಥ ಹೆಂಗಸರಿಗೆ ನೆರವಾಗುವ ಸಂಸ್ಥೆಗಳಲ್ಲಿ ಪರಿಚಯ ಇರುವವರು ದಯವಿಟ್ಟು ಮೆಸೇಜ್ ಮಾಡಿ. ಭದ್ರವಾದ ಬಾಡಿಗೆ ರೂಮ್ ಆದರೂ ಸರಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಹಾಕಲು ವಕೀಲರೂ ಬೇಕು. ಹೆಸರು, ಊರು ಇಲ್ಲಿ ಕೇಳಬೇಡಿ, ಗಂಡನ ಕಡೆಯವರೂ ಗುಂಪಿನಲ್ಲಿರಬಹುದು. ಹೊಂದಿಕೊಂಡು ಹೋಗಲಿ ಅನ್ನುವ ಸಲಹೆ ಮಾತ್ರ ಬೇಡ.