ಮೀನಿನ ಟ್ಯಾಂಕಿಗೆ ಯಾವ್ಯಾವ ಬಾಟಲಿ ನಿಜವಾಗ್ಲೂ ಬೇಕು?

ಗೋಪಾಳದವ: ಶಿವಮೊಗ್ಗದ ನಲ್ಲಿ ನೀರು, ಎರಡಡಿ ಟ್ಯಾಂಕ್, ಗಪ್ಪಿ ಮೀನಿನ ಜೊತೆ ವ್ಯಾಲಿಸ್ನೇರಿಯ, ಜಾವಾ ಫರ್ನ್ ಅನ್ನೋ ನೀರಿನ ಗಿಡ ಇವೆ. ಅಂಗಡಿಯವ್ರು ಆ್ಯಂಟಿ ಕ್ಲೋರಿನ್, ಪಿಎಚ್ ಇಳಿಸೋ ಆ್ಯಸಿಡ್ (ಪಿಎಚ್ ಡೌನ್), ಗಿಡಕ್ಕೆ ಲಿಕ್ವಿಡ್ ಕಾರ್ಬನ್ ಎಲ್ಲಾ ಬೇಕೇ ಬೇಕು ಅಂತಾರೆ. ಫರ್ನ್ ಹಳೇ ಎಲೆಲಿ ಸಣ್ಣ ತೂತು ಬೀಳ್ತಿದೆ, ತೋಟಕ್ಕೆ ತಂದಿರೋ ಗೊಬ್ಬರ ಒಂಚೂರು ಹಾಕ್ಬೋದಾ?

ತುಂಗಾತೀರ: ಆ್ಯಂಟಿ ಕ್ಲೋರಿನ್ ಬೇಕು ಮಾರಾಯ್ರೆ. ನೀರನ್ನ ಬಕೆಟ್ನಲ್ಲಿ 24 ಗಂಟೆ ತೆರೆದಿಟ್ರೆ ಕ್ಲೋರಿನ್ ಹೆಚ್ಚುಕಮ್ಮಿ ಹೋಗತ್ತೆ, ಆದ್ರೆ ಕ್ಲೋರಮಿನ್ (ಕ್ಲೋರಿನ್ ಅಮೋನಿಯ ಸೇರಿದ್ದು) ಇದ್ರೆ ಅದು ಹಂಗೆಲ್ಲ ಹೋಗಲ್ಲ. ಬರೀ ಕ್ಲೋರಿನ್ ಆದ್ರೆ ಸೋಡಿಯಂ ಥಯೋಸಲ್ಫೇಟ್ ಹರಳು ಸಿಕ್ರೆ ಅದೇ ಸಾಕು, ಅಗ್ಗ ಕೂಡ. ಪಿಎಚ್ ಡೌನ್ ಮುಟ್ಲೇಬೇಡಿ.

ತೀರ್ಥಹಳ್ಳಿ ಕಡೆಯವ್ಳು: ಹೌದು, ನಮ್ ಬಾವಿ ನೀರಂತೂ ಮೊದ್ಲೇ ಮೆದು, ಕೆಎಚ್ (ಪಿಎಚ್ ಬೀಳದಂಗೆ ತಡೆಯೋ ಕಾರ್ಬೊನೇಟ್ ಗಡಸುತನ) ಟೆಸ್ಟ್ ಮಾಡಿದ್ರೆ ಒಂದೆರಡು ಹನಿಗೇ ಬಣ್ಣ ಬದ್ಲಾಗ್ಬಿಡತ್ತೆ, ಅಂಥ ನೀರಿಗೆ ಆ್ಯಸಿಡ್ ಹಾಕಿದ್ರೆ ಪಿಎಚ್ ದಬಕ್ಕಂತ ಬೀಳತ್ತೆ, ಗಪ್ಪಿಗೋ ಗಡಸು ನೀರೇ ಇಷ್ಟ. ನಿಮ್ದೂ ಹಂಗೇ ಬಂದ್ರೆ ನೀರು ಗಡಸಾಗೋಕೆ ಹವಳದ ಚೂರು ಬಟ್ಟೇಲಿ ಕಟ್ಟಿ ಫಿಲ್ಟರಲ್ಲಿಡಿ. ಲಿಕ್ವಿಡ್ ಕಾರ್ಬನ್ ಅಂದ್ರೆ ಸಾಮಾನ್ಯವಾಗಿ ಗ್ಲುಟರಾಲ್ಡಿಹೈಡ್ ಅನ್ನೋ ಸೋಂಕುನಿವಾರಕ, ಅದಕ್ಕೆ ವ್ಯಾಲಿಸ್ನೇರಿಯ ಕರಗಿಹೋಗತ್ತೆ.

ತೋಟದ ಕಾಂಪ್ಲೆಕ್ಸ್ ಗೊಬ್ಬರ ಬೇಡವೇ ಬೇಡ, ಅದ್ರಲ್ಲಿ ಅಮೋನಿಯ, ಯೂರಿಯ ಇರತ್ತೆ, ಮೀನು ಉಳಿಯಲ್ಲ. ಹಳೇ ಎಲೆ ತೂತು ಪೊಟ್ಯಾಷಿಯಂ ಕಮ್ಮಿ ಇರ್ಬೋದು, ಪೊಟ್ಯಾಷಿಯಂ ಸಲ್ಫೇಟ್ ಸಾಕು. ಹೊಸ ಎಲೆ ಹಳದಿಯಾಗಿ ನರ ಹಸಿರಿದ್ರೆ ಕಬ್ಬಿಣ ನೋಡಿ.

ಗೋಪಾಳದವ: ಎಲೆ ಹಿಂದೆ ಸಾಲಾಗಿ ಕಂದು ಚುಕ್ಕಿನೂ ಇದ್ಯಲ್ಲ?

ತೀರ್ಥಹಳ್ಳಿ ಕಡೆಯವ್ಳು: ಅದು ರೋಗ ಅಲ್ಲ, ಬೀಜಾಣು. ನಮ್ ಕಾಡಿನ ಜರಿಗಿಡ ತಿರುಗ್ಸಿ ನೋಡಿ, ಹಂಗೇ ಇರತ್ತೆ. ಫರ್ನ್ ಬೇರುಕಾಂಡ ಮರಳಲ್ಲಿ ಹೂತಿಲ್ಲ ತಾನೆ? ಕೊಳೆಯತ್ತೆ, ಕಲ್ಲಿಗೆ ದಾರದಲ್ಲಿ ಕಟ್ಟಿ.